ಆಗುವುದಿಲ್ಲ ಅಂದ ಡಾಕ್ಟರಿಗೆ ಸಿಕ್ಕಿದ ಮರ್ಯಾದೆ

ಕಣ್ಣಿನ ಡಾಕ್ಟರೊಬ್ಬರು ತಮ್ಮ ಕೆಲಸ ಸರಿಯಾಗಿ ಮಾಡಿದರೆ ನಮ್ಮ ಉಡುಪಿಯಲ್ಲಿ ಅವರಿಗೆ ಏನು ಸಿಗುತ್ತದೆ ಗೊತ್ತಾ? ಬೈಗುಳ. ಇವತ್ತು ನನ್ನ ಕನ್ನಡಕದ ಅಂಗಡಿಯಲ್ಲೇ ಕೂತು ಬೈದರು. ನಾನೇ ಫ್ಯಾನ್ ಹಾಕಿ, ಕುಡಿಯಲು ನೀರು ಕೊಟ್ಟು, ಬೈಗುಳ ಕೇಳಿಸಿಕೊಂಡೆ. ಗಿರಾಕಿ ಅಲ್ವಾ, ಎಂತ ಮಾಡುವುದು. ಮನೆಗೆ ಬಂದು ಹೇಳಿದರೆ ಇವಳು "ಊರ ಉಸಾಬರಿ ನಿಮಗ್ಯಾಕೆ" ಅಂದು ಒಳಗೆ ಹೋದಳು. ಹಾಗಾಗಿ ನಿಮ್ಮ ತಲೆ ತಿನ್ನುತ್ತಿದ್ದೇನೆ.

ವಿಷಯ ಇಷ್ಟೇ. ಒಂದು ಹುಡುಗಿಗೆ ಡಿಸೆಂಬರಿನಲ್ಲಿ ಮದುವೆ. ಅದರ ಮೊದಲು ಕನ್ನಡಕ ಹೋಗಬೇಕು. ಲೇಸರ್ ಮಾಡಿಸಲು ಇಲ್ಲೇ ಒಂದು ಆಸ್ಪತ್ರೆಗೆ ಹೋದರು. ಡಾಕ್ಟರು ಎಲ್ಲ ಟೆಸ್ಟ್ ಮಾಡಿ, "ನಿಮಗೆ ಲೇಸರ್ ಆಗುವುದಿಲ್ಲ. ಆರು ತಿಂಗಳು ಬಿಟ್ಟು ಬನ್ನಿ, ಇನ್ನೊಮ್ಮೆ ಸ್ಕ್ಯಾನ್ ಮಾಡಿ ನೋಡುವ. ಅಲ್ಲಿವರೆಗೆ ಕಣ್ಣು ಉಜ್ಜಬೇಡಿ" ಅಂದರು. ಅಷ್ಟೇ ಅವರು ಮಾಡಿದ ಅಪರಾಧ.

"ಅವರಿಗೆ ಬರುವುದಿಲ್ಲ ಅಣ್ಣಾ" ಅಂದರು ತಾಯಿ. "ಮಿಷನ್ ಹಳತು ಇರಬೇಕು. ನನ್ನ ತಂಗಿಯ ಮಗನಿಗೆ ಬೆಂಗಳೂರಿನಲ್ಲಿ ಹತ್ತೇ ನಿಮಿಷದಲ್ಲಿ ಮಾಡಿ ಕಳಿಸಿದ್ದಾರೆ."

ನೋಡಿ, ಹತ್ತು ನಿಮಿಷದಲ್ಲಿ ಮಾಡಿದವರು ಜಾಣರು. ಒಂದೂವರೆ ಗಂಟೆ ಕೂರಿಸಿ ಅಳತೆ ತೆಗೆದು ಬೇಡ ಅಂದವರು ದಡ್ಡರು. ಈ ಲೆಕ್ಕ ನನಗೆ ಎಷ್ಟು ಕೂಡಿಸಿದರೂ ಸರಿ ಬರುತ್ತಿಲ್ಲ ಮಾರಾಯ್ರೆ.

ನಾನು ಡಾಕ್ಟರ್ ಅಲ್ಲ, ಅದು ನಿಮಗೆ ಗೊತ್ತು. ಅಪ್ಪ ಇಟ್ಟ ಅಂಗಡಿಯಲ್ಲಿ ಕೂತು ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುವವನು. ಆದರೆ ಆ ತಾಯಿ ಫೈಲ್ ತೆಗೆದು ಕೌಂಟರಿನ ಮೇಲೆ ಇಟ್ಟು "ಇದರಲ್ಲಿ ಎಂತ ಉಂಟು ಅಂತ ಆಗುವುದಿಲ್ಲ ಅಂದದ್ದು?" ಅಂತ ಕೇಳಿದಾಗ ನೋಡದೆ ಇರಲು ಆಗಲಿಲ್ಲ. ಕಾರ್ನಿಯಾದ ಬಣ್ಣದ ನಕ್ಷೆ ಅದು. ಕಾರ್ನಿಯಾ ಅಂದರೆ ಕಣ್ಣಿನ ಮುಂದಿರುವ ಗಾಜಿನಂಥ ಪದರ. ಅದು ಎಲ್ಲಿ ಜಾಸ್ತಿ ಉಬ್ಬಿದೆ, ಎಲ್ಲಿ ಚಪ್ಪಟೆಯಾಗಿದೆ ಅಂತ ಆ ಚಿತ್ರ ಹೇಳುತ್ತದೆ. ಮಾಮೂಲಿ ಕಣ್ಣಿನಲ್ಲಿ ಹಸಿರು, ಹಳದಿ ಒಂದು ಕ್ರಮದಲ್ಲಿ ಹರಡಿರುತ್ತವೆ. ಇವಳ ಎಡಗಣ್ಣಿನ ಚಿತ್ರದಲ್ಲಿ ಕೆಳಭಾಗಕ್ಕೆ ಒಂದು ಕೆಂಪು ಮಚ್ಚೆ. ದಪ್ಪ 478 ಮೈಕ್ರಾನ್. ಸಾಧಾರಣವಾಗಿ 540ರ ಆಸುಪಾಸು ಇರಬೇಕು. ಅಂದರೆ ಅರ್ಧ ಮಿಲಿಮೀಟರಿಗಿಂತ ಒಂಚೂರು ಜಾಸ್ತಿ. ಇವಳದ್ದು ಅರ್ಧ ಮಿಲಿಮೀಟರಿಗೂ ಕಮ್ಮಿ.

ಲೇಸರ್ ಮಾಡುವುದೆಂದರೆ ಇದೇ ಪದರವನ್ನು ಕೆರೆದು ಇನ್ನೂ ತೆಳು ಮಾಡುವುದು. ಒಂದು ನಂಬರ್ ಪವರ್ ಇಳಿಸಲು ಹೆಚ್ಚುಕಮ್ಮಿ 15 ಮೈಕ್ರಾನ್ ಹೋಗುತ್ತದೆ. ಲಾಸಿಕ್ ಎಂಬ ಬಗೆಯ ಲೇಸರ್ ಆದರೆ ಮೊದಲು ಮೇಲಿನಿಂದ ನೂರು, ನೂರಿಪ್ಪತ್ತು ಮೈಕ್ರಾನಿನ ಒಂದು ಮುಚ್ಚಳ ಎಬ್ಬಿಸಬೇಕು. ಎಲ್ಲ ಮುಗಿದ ಮೇಲೆ ಆ ಮುಚ್ಚಳದ ಕೆಳಗೆ ಕನಿಷ್ಠ 250 ಮೈಕ್ರಾನ್ ಉಳಿಯಲೇಬೇಕು. ಜಾಗ್ರತೆಯ ಡಾಕ್ಟರುಗಳು 300 ಉಳಿಯಲಿ ಅನ್ನುತ್ತಾರೆ. ಇವಳ ಪವರ್ ಆರೂವರೆ. ನೀವೇ ಲೆಕ್ಕ ಹಾಕಿ. ದಪ್ಪದ ಲೆಕ್ಕವನ್ನು ಹೇಗೋ ಹೊಂದಿಸಿದರೂ ಆ ಕೆಂಪು ಮಚ್ಚೆಯನ್ನು ಎಲ್ಲಿ ಅಡಗಿಸುವುದು? ಕಾರ್ನಿಯಾ ಆ ಜಾಗದಲ್ಲಿ ಸೋತು ಮುಂದಕ್ಕೆ ಉಬ್ಬುತ್ತಾ ಇದೆಯೋ ಎಂಬ ಅನುಮಾನ ಅದು. ಕೆರಟೊಕೋನಸ್ ಅನ್ನುತ್ತಾರೆ. ಅಂಥ ಕಣ್ಣಿಗೆ ಲೇಸರ್ ಮಾಡಿದರೆ ನಮ್ಮ ಹಳೆ ಮನೆಗಳ ಮಣ್ಣಿನ ಗೋಡೆಯನ್ನು ಒಳಗಿನಿಂದ ಕೆರೆದು ಮಳೆಗಾಲಕ್ಕೆ ಬಿಟ್ಟ ಹಾಗೆ. ಇನ್ನೂ ಉಬ್ಬುವ ಅಪಾಯ ಜಾಸ್ತಿ. ಉಬ್ಬಿತೋ, ಆಮೇಲೆ ನಾನು ಯಾವ ಕನ್ನಡಕ ಮಾಡಿಕೊಟ್ಟರೂ ಚೊಕ್ಕ ಕಾಣುವುದಿಲ್ಲ. ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್, ಬಿ2 ವಿಟಮಿನಿನ ಹನಿ ಹಾಕಿ ಅಲ್ಟ್ರಾವಯೊಲೆಟ್ ಬೆಳಕು ಬಿಡುವ ಕ್ರಾಸ್ ಲಿಂಕಿಂಗ್, ಅದಕ್ಕೂ ಬಗ್ಗದಿದ್ದರೆ ಯಾರೋ ದಾನ ಮಾಡಿದ ಕಣ್ಣಿನ ಕಾರ್ನಿಯಾ ಕಸಿ. ಇಪ್ಪತ್ತಾರು ವರ್ಷದ ಹುಡುಗಿಗೆ, ಮದುವೆ ಫೋಟೋ ಚಂದ ಬರಲಿ ಅಂತ!

ಇಷ್ಟು ಹೇಳುವಾಗ ಆ ಹುಡುಗಿ ಏನು ಮಾಡುತ್ತಿದ್ದಳು ಗೊತ್ತಾ? ಕನ್ನಡಕ ಹಣೆಗೆ ಏರಿಸಿ, ಬೆರಳಿನ ಗೆಣ್ಣು ಮಡಚಿ, ಎಡಗಣ್ಣನ್ನು ಗರಗರ ಉಜ್ಜುತ್ತಿದ್ದಳು. ಉಜ್ಜಿ, ರೆಪ್ಪೆ ಎರಡು ಸಲ ಬಡಿದು, ಮತ್ತೆ ಉಜ್ಜಿದಳು. ಡಾಕ್ಟರು ಬೇಡ ಅಂದದ್ದೂ ಅದನ್ನೇ. ಉಜ್ಜಿದಷ್ಟೂ ಕಾರ್ನಿಯಾ ಸೋಲುತ್ತದೆ. "ಚಿಕ್ಕದಿರುವಾಗಲೇ ಅಲರ್ಜಿ, ಧೂಳು ಆಗುವುದಿಲ್ಲ ಅವಳಿಗೆ" ಅಂದರು ತಾಯಿ, ಅದು ಬೇರೆ ಸಂಗತಿ ಎಂಬಂತೆ.

ನನ್ನ ಹತ್ತಿರ ಅವಳ ಹಳೆ ಕಾರ್ಡುಗಳೂ ಇವೆ. ಏಳನೇ ಕ್ಲಾಸಿನಲ್ಲಿ ಮೊದಲ ಕನ್ನಡಕ ಮಾಡಿಕೊಟ್ಟವನೇ ನಾನು. ತೆಗೆದು ಸಾಲಾಗಿ ಇಟ್ಟೆ. ಎಡಗಣ್ಣಿನ ಸಿಲಿಂಡರ್ ಪವರ್, ಅಂದರೆ ಕಾರ್ನಿಯಾದ ಸೊಟ್ಟಕ್ಕೆ ಕೊಡುವ ಪವರ್, ಮೊದಲು ಮುಕ್ಕಾಲು, ಕಾಲೇಜಿಗೆ ಹೋಗುವಾಗ ಒಂದೂವರೆ, ಈಗ ಎರಡೂಮುಕ್ಕಾಲು. ಆ ಸೊಟ್ಟ ಯಾವ ದಿಕ್ಕಿಗೆ ಅಂತ ಹೇಳುವ ಆಕ್ಸಿಸ್ ಕೂಡ ಒಂದು ಕಡೆ ನಿಂತಿಲ್ಲ. ಲೇಸರ್ ಮಾಡಲು ಪವರ್ ಕಮ್ಮಿಯೆಂದರೂ ಒಂದು ವರ್ಷ ಅಲುಗಾಡದೆ ನಿಂತಿರಬೇಕು ಅನ್ನುತ್ತಾರೆ. ಇಲ್ಲಿ ಅದು ನಡೆಯುತ್ತಲೇ ಇದೆ. ಇದನ್ನೆಲ್ಲ ಕಂಡು ಬೇಡ ಅಂದವರಿಗೆ "ಬರುವುದಿಲ್ಲ"ವಂತೆ!

ಈಗ ನಿಮ್ಮಲ್ಲಿ ಕೆಲವರು ನಗುತ್ತಿದ್ದೀರಿ, ನನಗೆ ಗೊತ್ತು. ಕನ್ನಡಕ ಮಾರುವವನಿಗೆ ಲೇಸರ್ ಕಂಡರೆ ಆಗುತ್ತದಾ, ಹೊಟ್ಟೆಕಿಚ್ಚು ಅಂತ. ಹೇಳಿ, ಹೇಳಿ. ನಲವತ್ತು ದಾಟಲಿ, ಆಮೇಲೆ ಮಾತಾಡುವ. ಲೇಸರ್ ಮಾಡಿಸಿಕೊಂಡವರೂ ಚಾಳೀಸು ಬಂದ ಮೇಲೆ ಪೇಪರ್ ಓದಲು ನನ್ನ ಅಂಗಡಿಗೇ ಬರಬೇಕು. ಕಣ್ಣಿನೊಳಗಿನ ಲೆನ್ಸ್ ಬಿಗಿಯಾಗುವುದನ್ನು ಯಾವ ಲೇಸರ್ ಕೂಡ ನಿಲ್ಲಿಸುವುದಿಲ್ಲ. ನನ್ನ ಅನ್ನಕ್ಕೆ ಏನೂ ತೊಂದರೆ ಇಲ್ಲ, ನೀವು ಚಿಂತೆ ಮಾಡಬೇಡಿ.

ಮತ್ತೆ ಲೇಸರ್ ಮೇಲೆ ನನಗೆ ದ್ವೇಷವೂ ಇಲ್ಲ. ಇದಕ್ಕೆ ಬಳಸುವ ಎಕ್ಸೈಮರ್ ಲೇಸರ್ ಸುತ್ತಮುತ್ತ ಸುಡದೆ ನಾಜೂಕಾಗಿ ಕೊರೆಯುತ್ತದೆ ಅಂತ 1981ರಲ್ಲಿ ಕಂಡುಕೊಂಡವರಲ್ಲಿ ಒಬ್ಬರು ನಮ್ಮ ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್. ಅಮೆರಿಕದ ಐಬಿಎಂನಲ್ಲಿದ್ದರು. ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯನ್ನು ಲ್ಯಾಬಿಗೆ ಒಯ್ದು ಅದರ ಮೇಲೆ ಲೇಸರ್ ಬಿಟ್ಟು ನೋಡಿದ ಪುಣ್ಯಾತ್ಮ. ಆಟಿ ತಿಂಗಳ ಮಳೆಯಲ್ಲಿ ಸ್ಕೂಟರ್ ಬಿಡುವವರ ಕನ್ನಡಕದ ಪಾಡು ನನಗೆ ಗೊತ್ತಿಲ್ವಾ? ಯಕ್ಷಗಾನದ ವೇಷಧಾರಿಗಳು ಬರುತ್ತಾರೆ ನನ್ನಲ್ಲಿಗೆ. ಕನ್ನಡಕ ತೆಗೆದಿಟ್ಟು ರಂಗಸ್ಥಳಕ್ಕೆ ಹೋದರೆ ಎದುರು ವೇಷದ ಮುಖವೇ ಮಂಜು ಮಂಜು. ಅಂಥವರಿಗೆ ಕಣ್ಣು ಒಪ್ಪಿದರೆ ಲೇಸರಿಗಿಂತ ಒಳ್ಳೆಯದು ಯಾವುದುಂಟು?

ಹೇಳಬಾರದು ಅಂದುಕೊಂಡಿದ್ದೆ, ಹೇಳಿಯೇ ಬಿಡುತ್ತೇನೆ. ನನ್ನ ಮಗನೇ ಮಾಡಿಸಿಕೊಂಡಿದ್ದಾನೆ. ಅವನ ಸ್ಕ್ಯಾನ್ ಗದ್ದೆಯಷ್ಟು ಹಸಿರು, ಡಾಕ್ಟರು ಖುಷಿಯಿಂದಲೇ ಮಾಡಿದರು. ಊರಿಗೆ ಬಂದವನು ನಾನೇ ಕೂತು ಕೂರಿಸಿಕೊಟ್ಟ ಟೈಟಾನಿಯಂ ಫ್ರೇಮನ್ನು ಕೌಂಟರಿನ ಮೇಲೆ ಇಟ್ಟು "ಅಪ್ಪಾ, ಇದು ಇನ್ನು ಬೇಡ" ಅಂದ. ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಆ ರಾತ್ರಿ ಊಟ ಸೇರಲಿಲ್ಲ. ಬಿಡಿ, ಅದು ಅಪ್ಪ ಮಗನ ವಿಷಯ.

ಕಣ್ಣು ಒಪ್ಪದವರ ಮಾತಿಗೆ ಬರುವ. ಇನ್ನೊಬ್ಬ ಡಾಕ್ಟರನ್ನು ಕೇಳುವುದು ತಪ್ಪಾ ಅಂತ ಕೇಳಬಹುದು. ಖಂಡಿತ ತಪ್ಪಲ್ಲ, ಕೇಳಲೇಬೇಕು. ನಮ್ಮಲ್ಲಿ ಅದಕ್ಕೆ ಬರವೂ ಇಲ್ಲ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆ 1848ರಿಂದ ಇದೆ, ಮಣಿಪಾಲದಲ್ಲಿ 1953ರಿಂದ ಮೆಡಿಕಲ್ ಕಾಲೇಜು ಇದೆ, ಖಾಸಗಿ ಕಣ್ಣಾಸ್ಪತ್ರೆಗಳು ಬೇರೆ. ಆದರೆ ಇನ್ನೊಬ್ಬರನ್ನು ಕೇಳುವುದು ಬೇರೆ, ಯಾರಾದರೂ ಹೂಂ ಅನ್ನುವವರೆಗೆ ಬಾಗಿಲು ತಟ್ಟುವುದು ಬೇರೆ. ನಮ್ಮ ಈ ಎರಡು ಜಿಲ್ಲೆಗಳಲ್ಲಿ ಆಸ್ಪತ್ರೆ ಜಾಸ್ತಿ ಇರುವುದೇ ಕೆಲವೊಮ್ಮೆ ತೊಂದರೆ. ಒಬ್ಬರು ಬೇಡ ಅಂದರೆ ಎಕ್ಸ್‌ಪ್ರೆಸ್ ಬಸ್ ಹತ್ತಿ ಒಂದೂವರೆ ಗಂಟೆಯಲ್ಲಿ ಇನ್ನೊಬ್ಬರ ಎದುರು ಕೂರಬಹುದು. ಹೈವೇಯಲ್ಲಿ ಹಬ್ಬದ ಆಫರಿನ ಬೋರ್ಡುಗಳೂ ಕರೆಯುತ್ತಿರುತ್ತವೆ. ಕಣ್ಣಿಗೂ ಡಿಸ್ಕೌಂಟ್.

ಇನ್ನೊಂದು ಉಂಟು. ಪವರ್ ಏಳೂವರೆಗಿಂತ ಕಮ್ಮಿ ಇದ್ದರೆ ಆರೋಗ್ಯ ವಿಮೆಯವರು ಲೇಸರಿಗೆ ದುಡ್ಡು ಕೊಡುವುದಿಲ್ಲ. ಹಾಗಾಗಿ ಎಲ್ಲ ಕೈಯಿಂದಲೇ ಹೋಗುವುದು. ಕೈಯಿಂದ ದುಡ್ಡು ಹೋಗುವಾಗ ನಮ್ಮವರು ತಾವು ರೋಗಿ ಅನ್ನುವುದು ಮರೆತು ಗಿರಾಕಿ ಆಗಿಬಿಡುತ್ತಾರೆ. "ದುಡ್ಡು ಕೊಡುವುದು ನಾವು, ಮಾಡಲಿಕ್ಕೆ ಇವರಿಗೆ ಎಂತ ಕಷ್ಟ?" ಇದನ್ನೂ ಇವತ್ತೇ ಕೇಳಿದೆ. ಯೋಚಿಸಿ, ದುಡ್ಡು ಎದುರಿಗಿಟ್ಟಾಗ ಬೇಡ ಅಂದವರು ಆ ಡಾಕ್ಟರು. ಮಾಡಿದ್ದರೆ ಹತ್ತಾರು ಸಾವಿರ ಸಿಗುತ್ತಿತ್ತು. ಬೇಡ ಅಂದದ್ದಕ್ಕೆ ಟೆಸ್ಟಿನ ಚಾರ್ಜು ಮಾತ್ರ, ಅದರ ಮೇಲೆ ಈ ಹೆಸರು.

ಹೊಸ ನಮೂನೆ ಬಂದಿದೆಯಂತೆ, ಸ್ಮೈಲ್ ಅಂತ, ಮುಚ್ಚಳ ಎಬ್ಬಿಸುವುದೇ ಇಲ್ಲವಂತೆ, ಅದನ್ನಾದರೂ ಮಾಡಬಹುದಲ್ಲ ಅಂದರು ತಾಯಿ. ಮುಚ್ಚಳ ಇಲ್ಲ ನಿಜ. ಆದರೆ ಸಣ್ಣ ಸೀಳಿನಿಂದ ಒಳಗಿನ ತುಂಡು ಹೊರಗೆ ತೆಗೆಯುತ್ತಾರಲ್ಲ, ಅದು ಎಲ್ಲಿಂದ ಬಂತು? ಅದೇ ಕಾರ್ನಿಯಾದಿಂದ. ಹುಡುಗಿಗೆ ಅರ್ಥವಾಯಿತು. ತಾಯಿಗೆ ಆಗಲಿಲ್ಲ, ಅಥವಾ ಬೇಡವಾಗಿತ್ತು.

ಯಾಕೆಂದರೆ ಹುಡುಗನ ಕಡೆಯವರು ನಿಶ್ಚಿತಾರ್ಥದಲ್ಲಿ "ಕನ್ನಡಕ ಯಾವಾಗಲೂ ಹಾಕುತ್ತಾಳಾ?" ಅಂತ ಕೇಳಿದ್ದರಂತೆ. ಫೋನಿನಲ್ಲಿ ಫೋಟೋ ತೋರಿಸಿದರು. ಹುಡುಗನ ಮೂಗಿನ ಮೇಲೆ ಇಷ್ಟು ದಪ್ಪದ ಕನ್ನಡಕ ಕೂತಿದೆ! ಅದು ಯಾರ ಕಣ್ಣಿಗೂ ಬಿದ್ದಿಲ್ಲ.

ನನ್ನ ಪಿತ್ತ ನೆತ್ತಿಗೇರಿದ್ದು ಹೊರಡುವಾಗ ಅವರು ಕೇಳಿದ ಮಾತಿಗೆ. "ಅಣ್ಣಾ, ಮಂಗಳೂರಿಗೆ ಹೋಗುವಾಗ ಈ ಫೈಲ್ ಅವರಿಗೆ ತೋರಿಸುವುದು ಬೇಡ ಅಲ್ವಾ? ಸುಮ್ನೆ ಅವರಿಗೂ ಅನುಮಾನ ಬರುತ್ತದೆ."

"ಅಕ್ಕಾ, ಅನುಮಾನ ಬರಲಿ ಅಂತಲೇ ಅಲ್ವಾ ಫೈಲ್ ಇರುವುದು" ಅಂದೆ. ಸ್ವಲ್ಪ ಗಟ್ಟಿಯಾಗಿಯೇ ಅಂದೆ. ಅವರ ಮುಖ ಸಪ್ಪೆಯಾಯಿತು, ಆಗಲಿ. ಮಂಗಳೂರಿನವರು ಸರಿಯಾದವರಾದರೆ ತಾವೂ ಸ್ಕ್ಯಾನ್ ಮಾಡುತ್ತಾರೆ, ಆ ಮಚ್ಚೆ ಅವರಿಗೂ ಕಾಣುತ್ತದೆ. ಆದರೆ ಸ್ಕ್ಯಾನ್ ತೋರಿಸುವುದು ಇವತ್ತಿನ ಕಣ್ಣನ್ನು. ಪವರ್ ಹೇಗೆ ಓಡುತ್ತಾ ಬಂತು ಅಂತ ಹೇಳುವುದು ಹಳೆ ಕಾಗದಗಳು ಮಾತ್ರ. ಹಾಗಾಗಿ ಆ ಕಾರ್ಡುಗಳನ್ನೆಲ್ಲ ಪಕ್ಕದ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ ತಂದು ಕೊಟ್ಟೆ. ತಾಯಿಯ ಕೈಗಲ್ಲ, ಮಗಳ ಕೈಗೆ. ಎಲ್ಲಿಗೆ ಹೋದರೂ ಮೊದಲು ಇದನ್ನು ತೋರಿಸು, ಕಾಂಟ್ಯಾಕ್ಟ್ ಲೆನ್ಸ್ ಹಾಕುವುದಿದ್ದರೆ ಎರಡು ವಾರ ಮೊದಲೇ ನಿಲ್ಲಿಸಿ ಹೋಗು, ಇಲ್ಲದಿದ್ದರೆ ಸ್ಕ್ಯಾನ್ ಸರಿ ಬರುವುದಿಲ್ಲ ಅಂದೆ. ಬ್ಯಾಗಿಗೆ ಹಾಕಿಕೊಂಡಳು. ತೋರಿಸುತ್ತಾಳೋ ಇಲ್ಲವೋ ಅವಳಿಗೆ ಬಿಟ್ಟದ್ದು.

ನಿಮ್ಮ ಮನೆಯಲ್ಲಿ ಯಾರಾದರೂ ಲೇಸರ್ ಮಾಡಿಸಿಕೊಂಡಿದ್ದರೆ ಅವರ ಹಳೆ ಪವರಿನ ಚೀಟಿ, ಸ್ಕ್ಯಾನ್ ಎಲ್ಲ ಜೋಪಾನ ಮಾಡಿ. ಮುಂದೆ ಪೊರೆಯ ಆಪರೇಷನ್ ಮಾಡುವಾಗ ಒಳಗೆ ಹಾಕುವ ಲೆನ್ಸಿನ ಲೆಕ್ಕಕ್ಕೆ ಅವು ಬೇಕಾಗುತ್ತವೆ. ಲೇಸರ್ ಆದ ಕಣ್ಣಿನಲ್ಲಿ ಮಾಮೂಲಿ ಲೆಕ್ಕ ತಪ್ಪುತ್ತದೆ.

ಮತ್ತೆ, ಆ ಡಾಕ್ಟರ್ ಯಾರು, ಯಾವ ಆಸ್ಪತ್ರೆ ಅಂತ ದಯಮಾಡಿ ಕೇಳಬೇಡಿ. ನಾನು ಹೇಳುವುದಿಲ್ಲ. ಹೇಳಿದರೆ "ಅಲ್ಲಿ ಆಗುವುದಿಲ್ಲ ಅಂತಾರಂತೆ" ಅಂತ ಊರಿಡೀ ಸುದ್ದಿಯಾಗಿ, ನಾಳೆಯಿಂದ ಒಬ್ಬರೂ ಆ ಕಡೆ ಹೋಗಲಿಕ್ಕಿಲ್ಲ.