ಫ್ರಿಡ್ಜ್ ಮೇಲಿನ ಸ್ಟಾರ್ ಅಂಗಡಿ

‘ಪುಟ್ಟಿ, ಅಜ್ಜಿಗೆ ಒಂದು ಚಿತ್ರ ಬರಿ, ಭಾನುವಾರ ತುಮಕೂರಿಗೆ ಹೋದಾಗ ಕೊಡೋಣ’ ಅಂದೆ. ಯುಕೆಜಿಯ ಮಗಳು ತಲೆ ಎತ್ತದೆ ಕೇಳಿದಳು, ‘ಎಷ್ಟು ಸ್ಟಾರ್?’

ನಕ್ಕುಬಿಟ್ಟೆ. ಆಮೇಲೆ ರಾತ್ರಿಯೆಲ್ಲ ಅದೇ ತಲೆಯಲ್ಲಿ. ಕ್ಯಾಲೆಂಡರ್ ಹಿಂದೆ, ಗೋಡೆ ಮೇಲೆ, ಮದುವೆ ಕಾಗದದ ಒಳಗೆ, ಎಲ್ಲಿ ಖಾಲಿ ಜಾಗ ಸಿಕ್ಕರೂ ಗೀಚುತ್ತಿದ್ದ ಹುಡುಗಿ ಇವಳು. ಬೇಡ ಅಂದರೂ ಬಿಡುತ್ತಿರಲಿಲ್ಲ.

ಅವಳ ಕ್ಲಾಸಿನ ಗೋಡೆಯಲ್ಲಿ ಒಂದು ಚಾರ್ಟ್ ಇದೆ. ಹೋಮ್‌ವರ್ಕ್‌ಗೆ ಸ್ಟಾರ್, ಡಬ್ಬಿ ಖಾಲಿ ಮಾಡಿದರೆ ಸ್ಟಾರ್, ಚಿತ್ರಕ್ಕೂ ಸ್ಟಾರ್. ಐದಾದರೆ ಶುಕ್ರವಾರ ಪೆನ್ಸಿಲ್ಲೋ ರಬ್ಬರೋ ಸಿಗುತ್ತದೆ. ಟೀಚರನ್ನು ದೂರಲು ನನಗೆ ಬಾಯಿಲ್ಲ. ಅದನ್ನು ನೋಡಿ ಅವೆನ್ಯೂ ರೋಡಿನಿಂದ ಸ್ಟಿಕ್ಕರ್ ಕಟ್ಟು ತಂದು ಮನೆಯ ಫ್ರಿಡ್ಜಿಗೂ ಚಾರ್ಟ್ ಅಂಟಿಸಿದವಳು ನಾನೇ. ಮೊದಲ ವಾರ ಸ್ವರ್ಗ. ಹಾಲು ಕುಡಿದಳು, ಚಪ್ಪಲಿ ಜೋಡಿಸಿದಳು. ಎರಡನೇ ವಾರಕ್ಕೆ ಮನೆ ಕೆ.ಆರ್. ಮಾರ್ಕೆಟ್ ಆಯಿತು. ‘ಸ್ನಾನಕ್ಕೆ ಎರಡು ಕೊಡಮ್ಮ.’ ‘ಒಂದೇ.’ ‘ಹಾಗಾದ್ರೆ ತಲೆಗೆ ನೀರು ಹಾಕ್ಬೇಡ.’

ಚಿತ್ರದ ಕಥೆ ಇನ್ನೂ ಬೇಜಾರು. ಎರಡು ಬೆಟ್ಟ, ನಡುವೆ ಸೂರ್ಯ, ಪಕ್ಕದಲ್ಲೊಂದು ಮನೆ. ಮುಗೀತು, ಸ್ಟಾರ್ ಕೊಡು. ಮೊದಲೆಲ್ಲ ಅವಳ ಆನೆಗೆ ಆರು ಕಾಲಿರುತ್ತಿತ್ತು, ಹೊಟ್ಟೆಯೊಳಗೆ ಅದು ತಿಂದ ಕಬ್ಬೂ ಕಾಣುತ್ತಿತ್ತು.

ನನ್ನ ಮಗಳಷ್ಟೇ ಹೀಗೇನೋ ಅಂದುಕೊಂಡಿದ್ದೆ. ಅಲ್ಲವಂತೆ. ಅಮೆರಿಕದಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು 1973ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನರ್ಸರಿ ಶಾಲೆಯಲ್ಲಿ, ಚಿತ್ರ ಬರೆಯುವುದೆಂದರೆ ಇಷ್ಟಪಡುವ 51 ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ಮೊದಲೇ ಹೇಳಿದರು: ಬರೆದರೆ ಚಿನ್ನದ ಬಣ್ಣದ ಮುದ್ರೆ, ರಿಬ್ಬನ್ ಎಲ್ಲ ಇರುವ ಸರ್ಟಿಫಿಕೇಟ್ ಕೊಡುತ್ತೇವೆ ಅಂತ. ಕೆಲವರಿಗೆ ಏನೂ ಹೇಳದೆ ಬರೆದಾದ ಮೇಲೆ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಸ್ಕೆಚ್ ಪೆನ್ನುಗಳನ್ನು ಸುಮ್ನೆ ಮೇಜಿನ ಮೇಲಿಟ್ಟು ನೋಡಿದರೆ, ಮೊದಲೇ ಸರ್ಟಿಫಿಕೇಟಿನ ಮಾತು ಕೇಳಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಬರೆದರು. ಸರ್ಟಿಫಿಕೇಟಿಗಾಗಿ ಬರೆದಿದ್ದ ಚಿತ್ರಗಳೂ ಸಪ್ಪೆಯಾಗಿದ್ದವು. ಕೇಳದೆ ಸಿಕ್ಕವರ ಉತ್ಸಾಹ ಮಾತ್ರ ಇಳಿದಿರಲಿಲ್ಲ. ಕೆಲಸ ಕೆಡಿಸಿದ್ದು ‘ಮಾಡಿದ್ರೆ ಕೊಡ್ತೀನಿ’ ಅನ್ನುವ ಕರಾರು.

ಹಾಗಂತ ಸ್ಟಾರೇ ಬೇಡ ಎನ್ನುವುದಿಲ್ಲ. ರಾತ್ರಿ ಹಲ್ಲುಜ್ಜುವುದು ಯಾವ ಮಗುವಿಗೂ ಖುಷಿಯಲ್ಲ. ಅಭ್ಯಾಸ ಆಗುವ ತನಕ ಅಂಟಿಸಿ, ಆಮೇಲೆ ಮೆಲ್ಲಗೆ ಮರೆತುಬಿಡಿ. ಆದರೆ ಚಿತ್ರ, ಕಥೆ, ಮಣ್ಣಾಟ ಇವಕ್ಕೆಲ್ಲ ಕೂಲಿ ಕೊಡೋದು ಯಾಕೆ?

ನನ್ನ ಅಕ್ಕ ಕನಕಪುರ ರಸ್ತೆ ಕಡೆ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಟೀಚರ್. 1995ರ ಸುಮಾರಿಗೆ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯವೆಲ್ಲ ಹರಡಿದ ಪದ್ಧತಿ ಅದು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ. ಮಗು ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿ ನೋಡಿ ತನ್ನ ಮುಂದಿನ ಪಾಠದ ಕಾರ್ಡನ್ನು ತಾನೇ ಹುಡುಕಿಕೊಂಡು ತನ್ನ ತಟ್ಟೆಯಲ್ಲಿ ಹೋಗಿ ಕೂರುತ್ತದೆ. (ಊಟದ ತಟ್ಟೆಯಲ್ಲ, ಅಲ್ಲಿ ಗುಂಪಿಗೆ ಹಾಗೆನ್ನುತ್ತಾರೆ.) ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಗೋಡೆಗೆ ಕಪ್ಪು ಬಣ್ಣ ಬಳಿದಿರುತ್ತದೆ, ಒಬ್ಬೊಬ್ಬರಿಗೂ ಅದರಲ್ಲಿ ಒಂದು ಪಾಲು. ತಲೆ ಮೇಲೆ ಅಡ್ಡಡ್ಡ ದಾರ ಕಟ್ಟಿದ ಚಪ್ಪರ. ಬರೆದದ್ದು, ಕತ್ತರಿಸಿದ್ದು, ಹೊಂಗೆ ಎಲೆ ಪೋಣಿಸಿದ್ದು, ಎಲ್ಲ ಅಲ್ಲಿ ನೇತಾಡುತ್ತದೆ. ಚೆನ್ನಾಗಿರುವುದು ಮಾತ್ರ ಅಂತಿಲ್ಲ.

ಅಕ್ಕನ ಕ್ಲಾಸಿನಲ್ಲಿ ದೊಡ್ಡ ಮರ್ಯಾದೆ ಅಂದರೆ ಹವಾಮಾನದ ಕೆಲಸ. ಒಬ್ಬರು ಹೊರಗೆ ಹೋಗಿ ಆಕಾಶ ನೋಡಿ ಬಂದು ಚಾರ್ಟಿನಲ್ಲಿ ಗುರುತು ಹಾಕಬೇಕು. ಜೂನ್ ತಿಂಗಳ ಬೆಂಗಳೂರಲ್ವಾ? ಬೆಳಿಗ್ಗೆ ಬಿಸಿಲು ಬರೆದ ಹುಡುಗ ಹನ್ನೊಂದಕ್ಕೆ ಎದ್ದು ‘ಮಿಸ್, ಮೋಡ’ ಅಂತಾನೆ, ಊಟ ಆದ ಮೇಲೆ ‘ಮಿಸ್, ಮಳೆ’. ಒಂದೇ ದಿನದ ಮನೆಯಲ್ಲಿ ಮೂರು ಚಿತ್ರ. ಅದಕ್ಕೆ ಸ್ಟಾರೂ ಇಲ್ಲ, ಚಾಕೊಲೇಟೂ ಇಲ್ಲ. ಆದರೂ ಸರದಿಗೆ ಜಗಳ.

ಅಲ್ಲೂ ಎಲ್ಲ ಸರಿಯಿಲ್ಲ ಅನ್ನಿ. ಕಾರ್ಡುಗಳು ಹರಿದಿವೆ, ದಾಖಲೆ ಬರೆಯುವುದೇ ಒಂದು ಕೆಲಸ, ಒಬ್ಬಳೇ ಎಲ್ಲ ತಟ್ಟೆಗೂ ಓಡಬೇಕು. ಅಕ್ಕ ಗೊಣಗದ ವಾರವಿಲ್ಲ. ನನ್ನ ಚಾರ್ಟಿನ ಕಥೆ ಕೇಳಿ, ‘ಅದನ್ನ ಕಿತ್ತು ಒಂದು ದಾರ ಕಟ್ಟೆ’ ಅಂದಳು ಅಷ್ಟೇ.

ಕಿತ್ತೆ. ಸ್ಟಾರ್ ಮುಗಿದುಹೋಯಿತು ಅಂತ ಸುಳ್ಳು ಹೇಳಿದೆ. ಬಾಲ್ಕನಿಯ ಗ್ರಿಲ್ಲಿಗೆ ಅವಳ ಎತ್ತರಕ್ಕೆ ದಾರ ಕಟ್ಟಿ ಬಟ್ಟೆ ಕ್ಲಿಪ್ ಸಿಕ್ಕಿಸಿದೆ. ಹದಿನೈದು ದಿನ ಅದರ ಮೇಲೆ ಏನೂ ಇಲ್ಲ, ಒಂದು ಸಾಕ್ಸ್ ಬಿಟ್ಟರೆ. ಅದೂ ನಾನು ಒಣಹಾಕಿದ್ದು. ಅಕ್ಕನಿಗೆ ಫೋನ್ ಮಾಡಿ ಬೈದೆ ಕೂಡ.

ಮೊನ್ನೆ ಬೆಳಿಗ್ಗೆ ನೋಡಿದರೆ ದಾರದಲ್ಲಿ ಉದ್ದನೆಯದೊಂದು ಕಾಗದ ಗಾಳಿಗೆ ಹಾರಾಡುತ್ತಿತ್ತು. ಆನೆ. ಈ ಸಲ ಏಳು ಕಾಲು, ಒಂದರಲ್ಲಿ ನನ್ನ ಚಪ್ಪಲಿ. ತಿರುಗಿಸಿ ನೋಡಿದೆ. ಕರೆಂಟ್ ಬಿಲ್. ಇನ್ನೂ ಕಟ್ಟಿರಲಿಲ್ಲ.