ಪಿಡಿಎಫ್ ಇದ್ದರೆ ದಯವಿಟ್ಟು ಹಾಕಿ

ನಾನು ಓದಿದ ವಿಶ್ವವಿದ್ಯಾಲಯಕ್ಕೆ ನನ್ನ ನೆನಪಾಗಿದೆ. ಪದವಿ ಪ್ರಮಾಣಪತ್ರಕ್ಕಾಗಿ ಮೂರು ದಿನ ನಾಲ್ಕು ಕಿಟಕಿಗಳ ಮುಂದೆ ನಿಂತಿದ್ದಾಗ ಬಾರದ ನೆನಪು, ಇಪ್ಪತ್ತಾರು ವರ್ಷಗಳ ನಂತರ ವಾಟ್ಸ್‌ಆ್ಯಪ್ ಮೂಲಕ ಬಂದಿತು. ‘ಹಳೆಯ ವಿದ್ಯಾರ್ಥಿಗಳ ಆನ್‌ಲೈನ್ ಪುಸ್ತಕ ಬಳಗಕ್ಕೆ ಸ್ವಾಗತ.’ ಇಂಥ ಆಹ್ವಾನ ನಿಮಗೂ ಬಂದಿರುತ್ತದೆ. ಬಂದಿಲ್ಲವೆಂದರೆ ನಿಮ್ಮ ಕಾಲೇಜಿಗೆ, ಗುಣಮಟ್ಟ ಅಳೆದು ಶ್ರೇಣಿ ಕೊಡುವ ನ್ಯಾಕ್ ಸಂಸ್ಥೆಯ ತಂಡ ಬರುವ ದಿನ ಇನ್ನೂ ಗೊತ್ತಾಗಿಲ್ಲ ಎಂದು ತಿಳಿಯಿರಿ.

ನ್ಯಾಕ್ ಮಾನದಂಡಗಳಲ್ಲಿ 5.4 ಎಂಬುದೊಂದಿದೆ. ಹಳೆಯ ವಿದ್ಯಾರ್ಥಿಗಳು ಸಂಸ್ಥೆಯೊಂದಿಗೆ ಎಷ್ಟು ಒಡನಾಡುತ್ತಿದ್ದಾರೆ, ಎಷ್ಟು ಲಕ್ಷ ಕೊಟ್ಟಿದ್ದಾರೆ ಎಂದು ಅಲ್ಲಿ ತೋರಿಸಬೇಕು. ಲಕ್ಷದ ಖಾನೆಯಲ್ಲಿ ಬರೆಯಲು ಏನೂ ಇಲ್ಲದಾಗ ಒಡನಾಟದ ಖಾನೆಯನ್ನಾದರೂ ತುಂಬಬೇಕಲ್ಲ. ಪುಸ್ತಕ ಬಳಗಕ್ಕೆ ಪೆಂಡಾಲು ಬೇಡ, ಉಪ್ಪಿಟ್ಟು ಬೇಡ. ಪರದೆಯ ಮೇಲಿನ ಮುಖಗಳ ಒಂದು ಚಿತ್ರ ಹಿಡಿದಿಟ್ಟುಕೊಂಡರೆ ದಾಖಲೆ ಸಿದ್ಧ. ನಾನು ಹೀಯಾಳಿಸುತ್ತಿಲ್ಲ. 2025ರ ಫೆಬ್ರುವರಿಯಲ್ಲಿ ಒಳ್ಳೆಯ ಶ್ರೇಣಿ ಕೊಡಲು ನಗದು, ಚಿನ್ನ, ಮೊಬೈಲ್, ಲ್ಯಾಪ್‌ಟಾಪ್‌ಗಳ ಲಂಚ ಪಡೆದ ಆರೋಪದಲ್ಲಿ ಸಿಬಿಐ ನ್ಯಾಕ್ ಪರಿಶೀಲನಾ ತಂಡದವರನ್ನೇ ಬಂಧಿಸಿದ್ದನ್ನು ಓದಿದ್ದೀರಿ. ಚಿನ್ನದ ಬದಲು ಕಾದಂಬರಿಯಿಂದ ಅಂಕ ಗಳಿಸಲು ಹೊರಟವರು ನನ್ನ ಕಣ್ಣಿಗೆ ಸಾಧುಗಳೇ.

ಮೊದಲ ಸಭೆಗೆ ಸಮಯ ಗೊತ್ತುಮಾಡಲು ಹನ್ನೆರಡು ದಿನ ಹಿಡಿಯಿತು. ಭಾನುವಾರ ಸಂಜೆ ಐದು ಗಂಟೆ ಎಂದು ಸಂಚಾಲಕರು ಸೂಚಿಸಿದ ಕೂಡಲೇ ಸಸ್ಯಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರೊಬ್ಬರು ‘ಅದು ರಾಹುಕಾಲ’ ಎಂದು ತಡೆದರು. ಸರಿ, ಏಳಕ್ಕೆ ಮುಂದೂಡಿದೆವು. ಆಗ ಮೆಲ್ಬರ್ನ್‌ನವರಿಗೆ ರಾತ್ರಿ 11.30, ಕ್ಯಾಲಿಫೋರ್ನಿಯದವರಿಗೆ ಹಲ್ಲುಜ್ಜುವ ಹೊತ್ತು. ಅದನ್ನೂ ಒಪ್ಪಿದರು. ಆದರೆ ಬೆಂಗಳೂರಿನ ಏಳು ಗಂಟೆ ಎಂದರೆ ದುಬೈಯಲ್ಲಿ ಐದೂವರೆ, ಅಂದರೆ ಅಲ್ಲಿ ಅಪ್ಪಟ ರಾಹುಕಾಲ. ರಾಹು ನಮ್ಮಲ್ಲಿ ಮುಗಿಸಿಕೊಂಡು ಅಲ್ಲಿಗೆ ಹೋಗಿ ಕುಳಿತಿದ್ದ. ಈಗ ಲೆಕ್ಕಕ್ಕೆ ಹಿಡಿಯಬೇಕಾದದ್ದು ಯಾರ ಸೂರ್ಯೋದಯ? ಸಭೆ ನಡೆಸುವವನದೋ, ಕೇಳುವವನದೋ, ಅಥವಾ ಕಂಪ್ಯೂಟರ್ ಸರ್ವರ್ ಇರುವ ಊರಿನದೋ? ಈ ಪ್ರಶ್ನೆಯ ಮೇಲೆ ನಡೆದ ಚರ್ಚೆಯಷ್ಟು ಆಳವಾದ, ಎಲ್ಲರೂ ಪಾಲ್ಗೊಂಡ ಚರ್ಚೆ ನಮ್ಮ ಬಳಗದಲ್ಲಿ ಮತ್ತೆ ನಡೆಯಲಿಲ್ಲ. ಕೊನೆಗೆ, ಸಮುದ್ರ ದಾಟಿದವರಿಗೆ ರಾಹುಕಾಲ ಅನ್ವಯಿಸುವುದಿಲ್ಲ ಎಂದು ಪ್ರಾಧ್ಯಾಪಕರೇ ತೀರ್ಪು ಕೊಟ್ಟರು. ದುಬೈಯವರು ಪಾಪ, ಸುಮ್ಮನಾದರು.

ಸಭೆ ಝೂಮ್‌ನಲ್ಲಿ, ಒಂದು ಕನ್ನಡ ಕಾದಂಬರಿಯ ಮೇಲೆ, ಅದರ ಲೇಖಕರ ಜೊತೆ. ಹಣ ಕಟ್ಟದವರಿಗೆ ಅದು 40 ನಿಮಿಷವಷ್ಟೇ ಎಂಬುದು ಲೋಕಕ್ಕೆಲ್ಲ ಗೊತ್ತು, ನಮ್ಮ ಕಾರ್ಯಕ್ರಮ ಪಟ್ಟಿ ಬರೆದವರಿಗೆ ಮಾತ್ರ ಗೊತ್ತಿರಲಿಲ್ಲ. ಮೊದಲು ಪ್ರಾರ್ಥನೆ. ಹಾಡಿದವರು ಧ್ವನಿ ಬಂದ್ ಮಾಡಿಕೊಂಡೇ ಎರಡು ಚರಣ ಹಾಡಿದರು. ದೇವರ ಹಾಡನ್ನು ನಡುವೆ ತಡೆಯುವುದು ಹೇಗೆಂದು ಅರುವತ್ತೊಂದು ಜನ ಕಣ್ಮುಚ್ಚಿ ಆ ಮೌನವನ್ನು ಆಲಿಸಿ, ‘ಸುಶ್ರಾವ್ಯ’ ಎಂದು ಮೆಚ್ಚಿದರು. ನಂತರ ದೀಪ: ಪರದೆಯ ಮೇಲೊಂದು ದೀಪದ ಚಿತ್ರ, ಮೌಸ್ ಒತ್ತಿದರೆ ಬತ್ತಿ ಹೊತ್ತಿಕೊಳ್ಳಬೇಕು. ಅತಿಥಿಗಳು ಒತ್ತಿದರು, ಹೊತ್ತಲಿಲ್ಲ. ಮತ್ತೆ ಒತ್ತಿದರು, ವಂದನಾರ್ಪಣೆಯ ಪುಟ ಬಂದಿತು. ಆಮೇಲೆ ಸ್ವಾಗತ, ಪ್ರಾಸ್ತಾವಿಕ ನುಡಿ, ಅಧ್ಯಕ್ಷರ ಪರಿಚಯ, ಪರಿಚಯಿಸಿದವರ ಪರಿಚಯ. ‘ಲೇಖಕರಿಗೆ ಶಾಲು ಹೊದಿಸಿದ್ದೇವೆಂದು ಸಭಿಕರು ಭಾವಿಸಬೇಕು’ ಎಂಬ ಕೋರಿಕೆ. ಭಾವಿಸಿದೆವು. 38ನೆಯ ನಿಮಿಷಕ್ಕೆ ಮೈಕು ಲೇಖಕರ ಕೈಗೆ ಬಂದಿತು. ‘ಎಲ್ಲರಿಗೂ ನಮಸ್ಕಾರ. ಈ ಕಾದಂಬರಿ ಬರೆಯಲು ನನಗೆ ಆರು ವರ್ಷ...’ ಎನ್ನುವಷ್ಟರಲ್ಲಿ ಝೂಮ್ ತನ್ನ ಪಾಡಿಗೆ ಬಾಗಿಲು ಹಾಕಿಕೊಂಡಿತು.

ಎರಡನೆಯ ಕೊಂಡಿಯಲ್ಲಿ ಮರಳಿ ಬಂದವರು ಹದಿನಾಲ್ಕು ಜನ. ಚರ್ಚೆ ಆರಂಭವಾಯಿತು. ಒಬ್ಬರು ಮುಖಪುಟ ಚೆನ್ನಾಗಿದೆ ಎಂದರು. ಇನ್ನೊಬ್ಬರು, ತಾವಿನ್ನೂ ಪುಸ್ತಕ ಓದಿಲ್ಲವಾದರೂ ನಾಯಕಿಯ ನಿರ್ಧಾರವನ್ನು ಒಪ್ಪಲಾರೆ ಎಂದರು. ಮೂರನೆಯವರಿಗೆ ಯಾಕೋ ಹಾಸ್ಟೆಲ್ಲಿನ ಸಾಂಬಾರು ನೆನಪಾಯಿತು. ಅಲ್ಲಿಂದ ಮುಂದೆ ಕಾದಂಬರಿಗೆ ಬಿಡುವು. ಬೇಳೆ ಹುಡುಕಲು ಮುಳುಗುಗಾರರು ಬೇಕಾಗಿದ್ದ ಆ ಸಾಂಬಾರು, ಬುಧವಾರದ ಮೊಟ್ಟೆ, ಮೊಟ್ಟೆಗಾಗಿ ಮಾಂಸಾಹಾರಿಗಳಾದ ಮೂವರು ಪುರೋಹಿತರ ಮಕ್ಕಳು. ನಾನೂ ಹತ್ತು ನಿಮಿಷ ಮಾತಾಡಿದೆ, ಸುಳ್ಳು ಹೇಳುವುದಿಲ್ಲ. ಲೇಖಕರು ಮುಗುಳ್ನಗುತ್ತ ಕುಳಿತಿದ್ದರು. ಅವರು ಬೇರೆ ವಿಶ್ವವಿದ್ಯಾಲಯದವರು.

ಇಷ್ಟಾದರೂ ನಗಬಹುದಿತ್ತು. ಆ ಪುಸ್ತಕ 184 ಪುಟದ್ದು, ಬೆಲೆ 220 ರೂಪಾಯಿ. ಬಳಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅದರ ಹೆಸರು ಪ್ರಕಟವಾದ ನಾಲ್ಕನೆಯ ನಿಮಿಷಕ್ಕೆ ನ್ಯೂಜೆರ್ಸಿಯಿಂದ ಮೊದಲ ಸಂದೇಶ: ‘ಪಿಡಿಎಫ್ ಇದ್ದರೆ ದಯವಿಟ್ಟು ಹಾಕಿ.’ ಅದರ ಕೆಳಗೆ ‘ನನಗೂ’, ‘ನನಗೂ’ ಎಂದು ಹನ್ನೊಂದು ಸಾಲು. ಮರುದಿನ ಪುಣ್ಯಾತ್ಮರೊಬ್ಬರು ಇಡೀ ಪುಸ್ತಕದ ಫೋಟೊ ಹಿಡಿದು ಹಂಚಿದರು, ಪ್ರತಿ ಪುಟದ ಮೂಲೆಯಲ್ಲೂ ತಮ್ಮ ಹೆಬ್ಬೆರಳ ಸಮೇತ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೆಯ ಕಲಮಿನಲ್ಲಿ ಇದಕ್ಕೆ ಮೂರು ವರ್ಷದವರೆಗೆ ಸೆರೆಮನೆ, 2 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಬಳಗದಲ್ಲಿ ಇಬ್ಬರು ವಕೀಲರಿದ್ದಾರೆ. ಒಬ್ಬರು ‘ಧನ್ಯವಾದ’ ಎಂದರು. ಮತ್ತೊಬ್ಬರು ‘112ನೆಯ ಪುಟ ಮಸುಕಾಗಿದೆ, ಮತ್ತೊಮ್ಮೆ ಹಾಕಿ’ ಎಂದರು. ಅದೇ ಗುಂಪಿನಲ್ಲಿದ್ದ ಲೇಖಕರು ಕೈಮುಗಿದ ಚಿತ್ರವೊಂದನ್ನು ಹಾಕಿದರು. ಅದು ನಮಸ್ಕಾರವೋ, ಬೇಡಿಕೆಯೋ ಕೇಳುವ ಧೈರ್ಯ ನನಗಾಗಲಿಲ್ಲ.

ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ಸುತ್ತಿ ಮಾರಿದರು. ನಮಗೆ ಹೊರುವುದು ಬೇಡ, ಸುತ್ತುವುದು ಬೇಡ, ಎದ್ದು ನಿಲ್ಲುವುದೂ ಬೇಡ. ಬೆರಳಲ್ಲಿ ಎರಡು ಸಲ ಒತ್ತಿದರೆ ಪುಸ್ತಕ ಮನೆಗೆ ಬರುತ್ತದೆ. ಪಿಜ್ಜಾಕ್ಕೆ ಒತ್ತುತ್ತೇವೆ. ನಾಯಿಯ ಬಿಸ್ಕತ್ತಿಗೆ ಒತ್ತುತ್ತೇವೆ. ಕನ್ನಡ ಪುಸ್ತಕದ ಬಳಿ ಬಂದಾಗ ಮಾತ್ರ ನಾವು ಬಡವರು. ಆಮೇಲೆ, ಕನ್ನಡ ಉಳಿಯುವುದೇ ಎಂದು ನವೆಂಬರ್‌ನಲ್ಲಿ ವಿಚಾರಗೋಷ್ಠಿ ಮಾಡುತ್ತೇವೆ. ಸಾಕಾಗಿದೆ.

ಸಭೆಯ ಕೊಂಡಿ ಕಳಿಸುವುದು, ದೀಪ ಹೊತ್ತಿಸುವುದು, ಅರುವತ್ತೊಂದು ಜನರಿಗೆ ಇ-ಪ್ರಮಾಣಪತ್ರ ಮಾಡುವುದು, ಎಲ್ಲವೂ ಒಬ್ಬ ಅತಿಥಿ ಉಪನ್ಯಾಸಕರ ತಲೆಗೆ ಕಟ್ಟಿದ ಕೆಲಸ. ಅವರಿಗೆ ನಾಲ್ಕು ತಿಂಗಳಿಂದ ಗೌರವಧನ ಬಂದಿಲ್ಲ. ಸಭೆ ನಡೆದದ್ದು ಅವರ ಸ್ವಂತ ಮೊಬೈಲ್ ಡೇಟಾದಲ್ಲಿ. ಪ್ರಮಾಣಪತ್ರ ಬಂದ ರಾತ್ರಿ ಅವರಿಂದ ಬೇರೆಯದೇ ಒಂದು ಸಂದೇಶ ಬಂದಿತು. ‘ಸರ್, ನೀವು ಪುಸ್ತಕ ಕೊಂಡಿದ್ದೀರಿ ಎಂದು ಕೇಳಿದೆ. ಓದಿ ಮುಗಿದಿದ್ದರೆ ನಮ್ಮ ಗ್ರಂಥಾಲಯಕ್ಕೆ ಕೊಡುವಿರಾ? ಇಲ್ಲಿ ಹೊಸ ಪುಸ್ತಕ ತರಿಸಿ ಬಹಳ ಕಾಲವಾಯಿತು. ಇಬ್ಬರು ಹುಡುಗಿಯರು ಕೇಳುತ್ತಿದ್ದಾರೆ.’

ಮರುದಿನವೇ ಕಳಿಸಿದೆ. ಅರುವತ್ತನೆಯ ಪುಟದಲ್ಲಿ ಗುರುತಿಗೆಂದು ಇಟ್ಟಿದ್ದ ಬಸ್ ಟಿಕೆಟ್ ತೆಗೆಯಲು ಮರೆತಿದ್ದೇನೆ.