ಒಂದನೆಯ ಚಾನೆಲ್ಲಿನ ಮಿಂಚು

ತಂಗಿಯ ಮಗಳ ಮದುವೆಗೆ ಇನ್ನೂ ಮೂರು ವಾರಗಳಿರುವಾಗ ನಾನು ತಂತಿಯಿಲ್ಲದ ಫ್ಲ್ಯಾಶೊಂದನ್ನು ಕೊಂಡೆ. ಮದುವೆಯ ಚಿತ್ರಗಳನ್ನು ತೆಗೆಯಲು ಶಿವಮೊಗ್ಗದ ಛಾಯಾಗ್ರಾಹಕರೊಬ್ಬರನ್ನು ಭಾವ ಆಗಲೇ ಗೊತ್ತುಮಾಡಿದ್ದರಿಂದ ನನ್ನ ಫ್ಲ್ಯಾಶಿನ ಅಗತ್ಯ ಯಾರಿಗೂ ಇರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಗತ್ಯವಿದ್ದದ್ದು ನನಗೆ ಮಾತ್ರ. ಹತ್ತು ವರ್ಷಗಳಿಂದ ನಮ್ಮ ಬಳಗದ ನಾಮಕರಣ, ಉಪನಯನ, ಗೃಹಪ್ರವೇಶಗಳನ್ನೆಲ್ಲ ಕ್ಯಾಮೆರಾದ ನೆತ್ತಿಯ ಮೇಲೆ ಕುಳಿತ ಫ್ಲ್ಯಾಶಿನಿಂದಲೇ ತೆಗೆಯುತ್ತ ಬಂದವನು ನಾನು. ಆ ಬೆಳಕು ನೇರವಾಗಿ ಹೋಗಿ ಹಣೆಗೆ ಬಡಿಯುತ್ತದೆ. ಮೂಗು, ಕೆನ್ನೆ, ಗಲ್ಲಗಳ ಏರಿಳಿತವೆಲ್ಲ ಅಳಿಸಿಹೋಗಿ ಮುಖವು ಎಣ್ಣೆ ಸವರಿದ ದೋಸೆಕಾವಲಿಯಂತೆ ಚಪ್ಪಟೆಯಾಗಿ ಹೊಳೆಯುತ್ತದೆ, ಮತ್ತು ಹಿಂದಿನ ಗೋಡೆಯ ಮೇಲೆ ಪ್ರತಿಯೊಬ್ಬರ ಪಕ್ಕದಲ್ಲೂ ಅವರವರ ಕರಿಯ ನೆರಳು ಒಬ್ಬ ಹೆಚ್ಚುವರಿ ನೆಂಟನಂತೆ ನಿಂತಿರುತ್ತದೆ. ನಮ್ಮ ಆಲ್ಬಮ್ಮುಗಳನ್ನು ನೋಡಿದ ಅಪರಿಚಿತರು ನಮ್ಮದು ವಿಪರೀತ ಬೆವರುವ ವಂಶವೆಂದು ತಿಳಿದರೆ ಅವರ ತಪ್ಪೇನೂ ಇಲ್ಲ.

ಅದೇ ಫ್ಲ್ಯಾಶನ್ನು ಕ್ಯಾಮೆರಾದಿಂದ ಇಳಿಸಿ ನಾಲ್ಕು ಹೆಜ್ಜೆ ಪಕ್ಕಕ್ಕೆ ಒಯ್ದರೆ, ಬೆಳಗಿನ ಎಳೆಬಿಸಿಲು ಕಿಟಕಿಯಿಂದ ಬಿದ್ದ ಹಾಗೆ ಮುಖದ ಒಂದು ಬದಿ ಬೆಳಗಿ ಇನ್ನೊಂದು ಬದಿಯಲ್ಲಿ ಮೆಲುವಾದ ನೆರಳು ನಿಲ್ಲುತ್ತದೆ. ಹಿಂದೆ ಇದಕ್ಕೆ ಹಳೆಯ ಲ್ಯಾಂಡ್‌ಲೈನ್ ಫೋನಿನಂಥ ಸುರುಳಿ ತಂತಿ ಬೇಕಾಗುತ್ತಿತ್ತು. ಈಗ ಕ್ಯಾಮೆರಾದ ಮೇಲೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಟ್ರಿಗರನ್ನು ಸಿಕ್ಕಿಸಿದರೆ, ಅದು ನಮ್ಮ ಮನೆಯ ವೈ-ಫೈಯೂ ಬ್ಲೂಟೂತೂ ಓಡಾಡುವ 2.4 ಗಿಗಾಹರ್ಟ್ಸ್‌ನ ಬೀದಿಯಲ್ಲೇ ರೇಡಿಯೊ ಸಂಕೇತ ಕಳಿಸಿ, ದೂರದಲ್ಲಿರುವ ಫ್ಲ್ಯಾಶನ್ನು ಹೊಳೆಯಿಸುತ್ತದೆ. ತಂತಿಯಿದ್ದ ಕಾಲಕ್ಕೆ ಒಂದು ಅನುಕೂಲವಿತ್ತೆಂದು ನನಗೆ ತಿಳಿದದ್ದು ಆಮೇಲೆ. ಫ್ಲ್ಯಾಶ್ ಹೊಳೆಯದಿದ್ದರೆ ತಂತಿಯನ್ನು ಬೈದರೆ ಸಾಕಿತ್ತು. ತಂತಿ ಹೋದಮೇಲೆ ಬೈಗುಳಕ್ಕೆ ವಿಳಾಸವೇ ಇಲ್ಲದಂತಾಯಿತು.

ಮೊದಲ ಪ್ರಯೋಗ ಮನೆಯಲ್ಲೇ, ಹೆಂಡತಿಯನ್ನು ಕಿಟಕಿಯ ಬಳಿ ಕೂರಿಸಿ, ಊಟದ ಮೇಜಿನ ಮೇಲೆ ಫ್ಲ್ಯಾಶ್ ಇಟ್ಟು ನಡೆಯಿತು. ಮೊದಲ ಅರ್ಧ ಗಂಟೆ ಏನೂ ಹೊಳೆಯಲಿಲ್ಲ. ಟ್ರಿಗರ್ ಕ್ಯಾಮೆರಾದ ನೆತ್ತಿಯ ಮೇಲಿನ ಹಾಟ್ ಶೂ ಎಂಬ ಸಂದಿನಲ್ಲಿ ಪೂರ್ತಿ ಒಳಗೆ ಹೋಗಿರಲಿಲ್ಲ. ಅದನ್ನು ಸರಿಮಾಡಿದರೆ, ಫ್ಲ್ಯಾಶ್ ರೇಡಿಯೊ ಸಂಕೇತದ ಬದಲು ಬೇರೆ ಫ್ಲ್ಯಾಶಿನ ಬೆಳಕು ಕಾಣುವುದನ್ನೇ ಕಾಯುವ ಸ್ಥಿತಿಯಲ್ಲಿತ್ತು. ಅದನ್ನೂ ಸರಿಮಾಡುವಷ್ಟರಲ್ಲಿ, ಕೆಲಸವಿಲ್ಲದೆ ಕುಳಿತದ್ದರಿಂದ ಅದು ನಿದ್ದೆಹೋಗಿತ್ತು. ಕೊನೆಗೊಮ್ಮೆ ಕೋಣೆಯೆಲ್ಲ ಬೆಳಗಿತು. ನಾನು ಸಂಭ್ರಮದಿಂದ ಪರದೆಯನ್ನು ನೋಡಿದರೆ, ಹೆಂಡತಿಯ ಮುಖ ಬಹಳ ಚೆನ್ನಾಗಿ ಬಂದಿತ್ತು, ಕುತ್ತಿಗೆಯಿಂದ ಕೆಳಗೆ ಮಾತ್ರ ಅಳತೆಪಟ್ಟಿ ಇಟ್ಟು ಗೆರೆ ಎಳೆದಂತೆ ಕಗ್ಗತ್ತಲಿತ್ತು.

"ನನ್ನನ್ನು ರಾಹು ಮಾಡಿದ್ದೀರಲ್ಲ," ಎಂದಳು ಅವಳು. "ಕೇತು ಎಲ್ಲಿ?"

ಕೇತುವನ್ನು ನುಂಗಿದ್ದು ಶಟರ್. ಕ್ಯಾಮೆರಾದ ಶಟರಿನಲ್ಲಿ ಎರಡು ಪರದೆಗಳಿರುತ್ತವೆ. ಮೊದಲನೆಯದು ಸರಿದು ಬೆಳಕನ್ನು ಒಳಗೆ ಬಿಡುತ್ತದೆ, ಎರಡನೆಯದು ಹಿಂದೆಯೇ ಬಂದು ಮುಚ್ಚುತ್ತದೆ. ನನ್ನ ಕ್ಯಾಮೆರಾದಲ್ಲಿ ಸೆಕೆಂಡಿನ 1/200 ಭಾಗದವರೆಗೆ, ಒಂದು ಕ್ಷಣವಾದರೂ, ಇಡೀ ಕಿಂಡಿ ತೆರೆದಿರುತ್ತದೆ. ಅದಕ್ಕಿಂತ ಅವಸರ ಮಾಡಿದರೆ ಮೊದಲ ಪರದೆ ಪೂರ್ತಿ ಸರಿಯುವ ಮೊದಲೇ ಎರಡನೆಯದು ಹೊರಟುಬಿಡುತ್ತದೆ. ಫ್ಲ್ಯಾಶ್ ಹೊಳೆಯುವ ಹೊತ್ತಿಗೆ ಚಿತ್ರದ ಒಂದು ಭಾಗ ಪರದೆಯ ಹಿಂದೆ ಇರುತ್ತದೆ. ನಾನು 1/500ರಲ್ಲಿ ತೆಗೆದಿದ್ದೆ. ಇಷ್ಟನ್ನೂ ನಾನು ಅಂತರಪಟದ ಉದಾಹರಣೆ ಕೊಟ್ಟು ವಿವರಿಸಿದಾಗ, ಮದುವೆಯ ದಿನ ಅಂತರಪಟದ ಹಿಂದೆ ನಿಲ್ಲುವವಳು ತನ್ನ ತಂಗಿಯ ಮಗಳಲ್ಲ, ನನ್ನ ತಂಗಿಯ ಮಗಳು, ಆದ್ದರಿಂದ ಪ್ರಯೋಗಗಳನ್ನೆಲ್ಲ ಈಗಲೇ ಮುಗಿಸಿಕೊಳ್ಳುವುದು ಒಳ್ಳೆಯದು ಎಂದು ಅವಳು ಎದ್ದುಹೋದಳು.

ಮದುವೆ ನಡೆದದ್ದು ತೀರ್ಥಹಳ್ಳಿಯ ಕಡೆಯ ಹಳೆಯ ಮನೆಯೊಂದರ ಅಂಗಳದಲ್ಲಿ, ಅಡಕೆ ಮರದ ಚಪ್ಪರದ ಕೆಳಗೆ. ಹಿಂದಿನ ರಾತ್ರಿಯೇ ಹೋಗಿ ಚೀಲ ಬಿಚ್ಚಿದಾಗ ಮೊದಲ ಆಘಾತ ಕಾದಿತ್ತು. ಚಾರ್ಜರ್ ಬಂದಿತ್ತು, ಎರಡು ದಿನ ಕೂತು ಚಾರ್ಜ್ ಮಾಡಿದ ಎಂಟು ಸೆಲ್ಲುಗಳು ಬೆಂಗಳೂರಿನಲ್ಲಿ ಫ್ರಿಜ್ಜಿನ ಮೇಲೆ ಉಳಿದಿದ್ದವು. ಊರಿನ ಅಂಗಡಿಯಲ್ಲಿ ಸಿಕ್ಕದ್ದು ಗೋಡೆ ಗಡಿಯಾರವನ್ನೂ ಟಿವಿಯ ರಿಮೋಟನ್ನೂ ಸಾಕುವುದಕ್ಕಷ್ಟೇ ಹುಟ್ಟಿದ ಅಗ್ಗದ ಸೆಲ್ಲುಗಳು. ಒಂದು ಸಲ ಹೊಳೆದ ಫ್ಲ್ಯಾಶ್ ಮತ್ತೆ ಹೊಳೆಯಬೇಕಾದರೆ ಒಳಗೆ ವಿದ್ಯುತ್ತನ್ನು ಕೂಡಿಡುವ ಕೆಪ್ಯಾಸಿಟರ್ ಪುನಃ ತುಂಬಬೇಕು. ಒಳ್ಳೆಯ ಸೆಲ್ಲಿದ್ದರೆ ಈ ಕೆಲಸ ಉಸಿರೆಳೆದು ಬಿಡುವಷ್ಟರಲ್ಲಿ ಮುಗಿಯುತ್ತದೆ. ಇವುಗಳ ಪಾಲಿಗೆ ಅದು ಆಳದ ಬಾವಿಯಿಂದ ನೀರು ಸೇದುವ ಕೆಲಸ. ಒಳಗಿನಿಂದ ಸೊಳ್ಳೆಯಂಥ 'ಕುಂಯ್' ಎಂಬ ಸದ್ದು ಬರುತ್ತಲೇ ಇರುತ್ತಿತ್ತು, ಫ್ಲ್ಯಾಶ್ ಸಿದ್ಧವೆಂದು ಹೇಳುವ ಕೆಂಪು ದೀಪ ಹತ್ತುತ್ತಿರಲಿಲ್ಲ.

ಬೆಳಿಗ್ಗೆ ಜಗಲಿಯಲ್ಲಿ ಎರಡನೆಯ ಪಾಠವಾಯಿತು. ಫ್ಲ್ಯಾಶನ್ನು ಮೇಲ್ಮುಖವಾಗಿ ತಿರುಗಿಸಿ ಬೆಳಕನ್ನು ಮಾಡಿಗೆ ಬಡಿದು ಕೆಳಗಿಳಿಸಿದರೆ ಮೃದುವಾಗುತ್ತದೆಂದು ಪುಸ್ತಕಗಳು ಹೇಳುತ್ತವೆ. ಆ ಪುಸ್ತಕಗಳನ್ನು ಬರೆದವರ ಮನೆಗೆ ಬಿಳಿಯ ಮಾಡು ಇರುತ್ತದೆ. ಇಲ್ಲಿನ ಮರದ ಮಾಡು ತಲೆಮಾರುಗಳ ಒಲೆಯ ಹೊಗೆ ಕುಡಿದು ಕರಿಬಾಣಲೆಯ ತಳದಂತಿತ್ತು. ನಾನು ಕಳಿಸಿದ ಬೆಳಕಿನಲ್ಲಿ ಒಂದು ಹನಿಯೂ ವಾಪಸು ಬರಲಿಲ್ಲ. ಹೊರಗೆ ಊಟಕ್ಕೆ ಹಾಕಿದ್ದ ಗುಲಾಬಿ ಬಣ್ಣದ ಶಾಮಿಯಾನಕ್ಕೆ ಬಡಿಸಿ ನೋಡಿದೆ. ಅಲ್ಲಿ ಕುಳಿತಿದ್ದ ದೊಡ್ಡಪ್ಪನಿಗೆ ಎಂಬತ್ತೆರಡರಲ್ಲಿ ಮದುವಣಗಿತ್ತಿಯ ಕಳೆ ಬಂದಿತು.

ಅಮ್ಮನದು ಬೇರೆಯೇ ಸಮಸ್ಯೆ. ಎಷ್ಟು ಸಲ ತೆಗೆದರೂ ಅವರ ಕಣ್ಣು ಮುಚ್ಚಿಯೇ ಇರುತ್ತಿತ್ತು. ಫ್ಲ್ಯಾಶ್ ಸ್ವಯಂಚಾಲಿತ ಸ್ಥಿತಿಯಲ್ಲಿದ್ದಾಗ ನಿಜವಾದ ಮಿಂಚಿಗೆ ಮೊದಲು ಅಳತೆಗೆಂದು ಒಂದು ಪುಟ್ಟ ಮಿಂಚನ್ನು ಕಳಿಸುತ್ತದೆ. ಎರಡರ ನಡುವಿನ ಅಂತರ ಎಷ್ಟು ಕಡಿಮೆಯೆಂದರೆ ನಮಗೆ ಒಂದೇ ಎಂದು ತೋರುತ್ತದೆ. ಅಮ್ಮನ ರೆಪ್ಪೆ ಚುರುಕು. ಅದು ಮೊದಲನೆಯದಕ್ಕೆ ಬೆಚ್ಚಿ, ಎರಡನೆಯದು ಬರುವ ಹೊತ್ತಿಗೆ ಮುಚ್ಚಿರುತ್ತಿತ್ತು. 1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಎಂಬಿಬ್ಬರು ಮೆಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಬೆರೆಸಿ ಮಿಂಚಿನ ಪುಡಿ ತಯಾರಿಸಿದ ಕಾಲದಲ್ಲಿ, ಢಮ್ಮೆಂದು ಉರಿದು ಹೊಗೆ ಕಾರುವ ಅದರ ಎದುರು ಜನ ಕಣ್ಣು ತೆರೆದು ಕುಳಿತಿದ್ದರೆಂಬುದೇ ನನಗೆ ಆಶ್ಚರ್ಯ. ನಾನು ಸ್ವಯಂಚಾಲಿತವನ್ನು ಬಿಟ್ಟು ಬೆಳಕಿನ ಪ್ರಮಾಣವನ್ನು ಕೈಯಿಂದಲೇ ಪೂರ್ಣ ಶಕ್ತಿಯ 1/16ಕ್ಕೆ ಹೊಂದಿಸಿದೆ. ಅಮ್ಮನ ಕಣ್ಣು ತೆರೆಯಿತು. ಆ ಒಂದು ಗೆಲುವಿನ ಮದದಲ್ಲೇ ನಾನು ಧಾರೆಯ ಮಂಟಪಕ್ಕೆ ಹೋದದ್ದು.

ಸ್ಟ್ಯಾಂಡಿನ ಬದಲು ತಮ್ಮನ ಮಗನನ್ನು ನಿಲ್ಲಿಸಿಕೊಂಡಿದ್ದೆ. ಹತ್ತು ವರ್ಷದ ಹುಡುಗ. ಕೋಲಿನ ತುದಿಗೆ ಫ್ಲ್ಯಾಶ್ ಕಟ್ಟಿ ಕೊಟ್ಟು, ಮಂಟಪದ ಎಡಗಡೆ ಎರಡು ಮೀಟರ್ ದೂರದಲ್ಲಿ ಅಲ್ಲಾಡದೆ ನಿಲ್ಲಬೇಕೆಂದು ಹೇಳಿದ್ದೆ. ಅವನು ಅಲ್ಲಾಡಲಿಲ್ಲ, ಪಾನಕದ ಕಡೆಗೆ ಸ್ವಲ್ಪ ಸ್ವಲ್ಪವಾಗಿ ಸರಿದ. ಬೆಳಕಿನ ಲೆಕ್ಕದಲ್ಲಿ ದಯೆ ದಾಕ್ಷಿಣ್ಯವಿಲ್ಲ: ದೂರ ಎರಡರಷ್ಟಾದರೆ ಬೆಳಕು ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಎರಡು ಮೀಟರಿನಿಂದ ನಾಲ್ಕು ಮೀಟರಿಗೆ ಸರಿದ ಹುಡುಗ ಒಂದು ಲೋಟ ಪಾನಕ ಕುಡಿದ, ಮುಕ್ಕಾಲು ಪಾಲು ಬೆಳಕನ್ನೂ ಅದರ ಜೊತೆಗೇ ಕುಡಿದ. ಅವನನ್ನು ಮತ್ತೆ ಜಾಗಕ್ಕೆ ತಂದು ನಿಲ್ಲಿಸುವಷ್ಟರಲ್ಲಿ ಅಂತರಪಟ ಹಿಡಿದಾಗಿತ್ತು.

ಅಲ್ಲಿಂದ ಮುಂದಿನ ಹದಿನೈದು ನಿಮಿಷ ಏನಾಯಿತೆಂದು ನನಗೆ ಆಗ ಅರ್ಥವಾಗಲಿಲ್ಲ. ನಾನು ಗುಂಡಿ ಒತ್ತಿದರೆ ಹುಡುಗನ ಕೈಯ ಫ್ಲ್ಯಾಶ್ ಸುಮ್ಮನಿರುತ್ತಿತ್ತು; ನಾನು ಕ್ಯಾಮೆರಾ ಇಳಿಸಿ ಹಣೆ ಒರೆಸಿಕೊಳ್ಳುವಾಗ ತಾನಾಗಿಯೇ ಹೊಳೆಯುತ್ತಿತ್ತು. ಚಿತ್ರಗಳು ಒಂದೋ ಅಮಾವಾಸ್ಯೆ, ಇಲ್ಲವೋ ಗೋಡೆಗೆ ಬಳಿದ ಸುಣ್ಣ. ನಡುವೆ ಹುಣ್ಣಿಮೆ, ಬಿದಿಗೆ, ತದಿಗೆ ಯಾವುದೂ ಇಲ್ಲ. ನಾನು ಟ್ರಿಗರನ್ನು ತೆಗೆದು ಊದಿದೆ, ಪಂಚೆಯ ಅಂಚಿನಿಂದ ಒರೆಸಿದೆ, ಮತ್ತೆ ಹಾಕಿದೆ. ತಲೆಯೆತ್ತಿ ನೋಡಿದರೆ ಮಂಟಪದ ಆಚೆ ಬದಿಯಲ್ಲಿ ಶಿವಮೊಗ್ಗದ ಛಾಯಾಗ್ರಾಹಕರೂ ತಮ್ಮ ಟ್ರಿಗರನ್ನು ತೆಗೆದು ಊದುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಏನೂ ಆಗಿಲ್ಲವೆಂಬಂತೆ ನಕ್ಕು, ಊದುವುದನ್ನು ಮುಂದುವರಿಸಿದೆವು. ಗಟ್ಟಿಮೇಳ ಮೊಳಗಿತು, ತಾಳಿ ಬಿದ್ದಿತು, ಅಕ್ಷತೆಯ ಮಳೆಯಾಯಿತು. ಆ ಕ್ಷಣದ ನನ್ನ ಚಿತ್ರದಲ್ಲಿ ಪುರೋಹಿತರ ಬೆನ್ನು ಮಾತ್ರ ಇದೆ, ಅದೂ ಸುಣ್ಣದ ಬಿಳುಪಿನಲ್ಲಿ.

"ದೊಡ್ಡಪ್ಪ," ಎಂದ ಹುಡುಗ, ಎಲ್ಲ ಮುಗಿದ ಮೇಲೆ, "ಇದರಲ್ಲಿ ನಂಬರ್ ತಾನಾಗೇ ಬದಲಾಗ್ತದಲ್ಲ, ಯಾಕೆ?"

ನೋಡಿದೆ. ನಾನು 1/16ಕ್ಕೆ ಇಟ್ಟಿದ್ದ ಫ್ಲ್ಯಾಶ್ 1/4 ತೋರಿಸುತ್ತಿತ್ತು. ನನ್ನ ಕಣ್ಣೆದುರಿಗೇ ಅದು 1/2 ಆಯಿತು. ಅಂಗಳದ ಆಚೆ ಛಾಯಾಗ್ರಾಹಕರು ತಮ್ಮ ಟ್ರಿಗರಿನ ಚಕ್ರ ತಿರುಗಿಸುತ್ತಿದ್ದರು.

"ಅವರು ಫೋಟೊ ತೆಗೆದಾಗೆಲ್ಲ ಇದು ಹೊಳೀತದೆ. ನೀವು ತೆಗೆದಾಗ ಅವರದ್ದು ಹೊಳೀತದೆ. ಹಾಗೇ ಇರ್ಬೇಕು ಅಂದ್ಕೊಂಡಿದ್ದೆ."

ಅವರದೂ ನನ್ನದೂ ಒಂದೇ ಕಂಪನಿಯ ಸರಕು. ಇಂಥವುಗಳಲ್ಲಿ ಮೂವತ್ತೆರಡು ಚಾನೆಲ್ಲುಗಳಿದ್ದು, ಟ್ರಿಗರಿನ ಮಾತನ್ನು ಅದೇ ಚಾನೆಲ್ಲಿನಲ್ಲಿರುವ ಫ್ಲ್ಯಾಶ್ ಮಾತ್ರ ಕೇಳುತ್ತದೆ; ಕಾರ್ಖಾನೆಯಿಂದ ಹೊರಡುವಾಗ ಎಲ್ಲವೂ ಒಂದನೆಯದರಲ್ಲೇ ಇರುತ್ತವೆ. ನಾನು ಬದಲಿಸಿರಲಿಲ್ಲ, ಅವರೂ ಬದಲಿಸಿರಲಿಲ್ಲ. ರೇಡಿಯೊ ತರಂಗಕ್ಕೆ ಯಾರು ಹುಡುಗಿಯ ಸೋದರಮಾವ, ಯಾರು ಮುಂಗಡ ಹಣ ಪಡೆದವರು ಎಂಬುದು ಹೇಗೆ ತಿಳಿಯಬೇಕು? ಅವರು ಗುಂಡಿ ಒತ್ತಿದಾಗಲೆಲ್ಲ ನನ್ನ ಬಡ ಸೆಲ್ಲುಗಳು ತಮ್ಮ ಸರ್ವಸ್ವವನ್ನೂ ಅವರಿಗೆ ಧಾರೆಯೆರೆದುಬಿಡುತ್ತಿದ್ದವು. ನನ್ನ ಸರದಿ ಬರುವ ಹೊತ್ತಿಗೆ ಒಳಗೆ 'ಕುಂಯ್' ಮಾತ್ರ ಉಳಿದಿರುತ್ತಿತ್ತು. ನಾನು ಒತ್ತಿದಾಗ ಅವರ ದೊಡ್ಡ ಫ್ಲ್ಯಾಶ್, ಒಮ್ಮೊಮ್ಮೆ ನನ್ನ ಎದುರಿಗೇ ಮುಖಮಾಡಿಕೊಂಡು, ಹೊಳೆದು ಸುಣ್ಣ ಬಳಿಯುತ್ತಿತ್ತು.

ವಿಷಯ ತಿಳಿದ ಮೇಲೆ ಅವರ ಬಳಿ ಹೋಗಿ ಹೇಳುವುದು ಸಜ್ಜನಿಕೆಯಾಗುತ್ತಿತ್ತು. ಆದರೆ ಮುಹೂರ್ತದ ಹೊತ್ತಿನಲ್ಲಿ ಅವರ ಕೆಲಸವನ್ನು ಕೆಡಿಸಿದವನು ನಾನೇ ಎಂದು ಭಾವನೆದುರು ಒಪ್ಪಿಕೊಳ್ಳುವ ಧೈರ್ಯ ಬರಲಿಲ್ಲ. ಹಿತ್ತಲ ಬಾವಿಕಟ್ಟೆಯ ಬಳಿ ಕೂತು ಗುಟ್ಟಾಗಿ ಟ್ರಿಗರನ್ನು ಏಳನೆಯ ಚಾನೆಲ್ಲಿಗೆ ಬದಲಿಸಿದೆ. ಫ್ಲ್ಯಾಶನ್ನು ಬದಲಿಸಲು ಮರೆತೆ. ಆಮೇಲೆ ಫ್ಲ್ಯಾಶನ್ನು ಬದಲಿಸಿದೆ, ಆದರೆ ಕನ್ನಡಕವಿಲ್ಲದ್ದರಿಂದ ಹದಿನೇಳಕ್ಕೆ. ಕೊನೆಗೆ ಎರಡನ್ನೂ ಹುಡುಗನೇ ಹೊಂದಿಸಿ ಕೊಟ್ಟ. ಊಟದ ಪಂಕ್ತಿಯ ಹೊತ್ತಿಗೆ ಫ್ಲ್ಯಾಶ್ ನನ್ನದೊಬ್ಬನದೇ ಮಾತು ಕೇಳುತ್ತಿತ್ತು, ಸೆಲ್ಲಿನಲ್ಲಿ ಶಕ್ತಿಯಿದ್ದಾಗ. ಪಕ್ಕದ ಎಲೆಗೆ ಕುಳಿತ ಛಾಯಾಗ್ರಾಹಕರು, "ಬೆಳಿಗ್ಗೆ ಏನೋ ಲೂಸ್ ಕಾಂಟ್ಯಾಕ್ಟ್ ಇತ್ತು ಸಾರ್, ಊದಿದ ಮೇಲೆ ಸರಿಹೋಯ್ತು," ಎಂದರು. ನನ್ನದೂ ಹಾಗೆಯೇ ಎಂದು ಹೇಳಿ ಸಾರು ಬಡಿಸಿಕೊಂಡೆ.

ಎರಡು ತಿಂಗಳ ನಂತರ ಹಬ್ಬಕ್ಕೆಂದು ತಂಗಿಯ ಮನೆಯಲ್ಲಿ ಎಲ್ಲರೂ ಸೇರಿದಾಗ ಆಲ್ಬಮ್ ಬಂದಿತ್ತು, ಮಣೆಯಷ್ಟು ಭಾರದ್ದು. ಮೂರನೆಯ ಪುಟದಲ್ಲಿ ಅಂತರಪಟ ಸರಿದ ಕ್ಷಣವಿತ್ತು. ಹುಡುಗಿ ಜೀರಿಗೆ ಬೆಲ್ಲ ಎರಚಿದ್ದಾಳೆ; ಒಂದೊಂದು ಜೀರಿಗೆ ಕಾಳೂ ಗಾಳಿಯಲ್ಲಿ ಎಣಿಸುವಂತೆ ನಿಂತಿದೆ; ಅವಳ ಎಡಗೆನ್ನೆ, ಬುಗುಡಿ, ಬಾಸಿಂಗದ ಅಂಚು, ನಗು ತಡೆಯಲು ಕಚ್ಚಿದ ತುಟಿ ಇವೆಲ್ಲದರ ಮೇಲೆ ಪಕ್ಕದಿಂದ ಬಂದ ಬೆಳಕು ಹೂವಿನಂತೆ ಬಿದ್ದಿದೆ. ಹತ್ತು ವರ್ಷಗಳಿಂದ ನಾನು ತೆಗೆಯಬೇಕೆಂದುಕೊಂಡ ಚಿತ್ರ ಅದು.

"ಆ ಬೆಳಕು ನಮ್ಮದು," ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದೆ.

"ಹೌದು, ಫೋಟೊ ಮಾತ್ರ ಅವರದ್ದು," ಎಂದು ಅವಳು ಪುಟ ತಿರುಗಿಸಿದಳು.

ತಂಗಿ ಮುಂದಿನ ಪುಟಗಳನ್ನು ತೋರಿಸುತ್ತ, "ಆದರೂ ನೋಡಣ್ಣ, ಧಾರೆಯ ಹೊತ್ತಿನ ಫೋಟೊ ಇಷ್ಟು ಚೆನ್ನಾಗಿ ತೆಗೆದವರು, ಊಟದ ಹೊತ್ತಿನವನ್ನು ಯಾಕೋ ಎಲ್ಲರ ಹಾಗೇ ತೆಗೆದಿದ್ದಾರೆ. ಆ ಬೆಳಕೇ ಬಂದಿಲ್ಲ. ಒಂದು ಮಾತು ಫೋನ್ ಮಾಡಿ ಕೇಳ್ಬೇಕು," ಎಂದಳು.

ತಮ್ಮನ ಮಗ ತಟ್ಟೆಯಿಂದ ತಲೆಯೆತ್ತಿ, "ಅತ್ತೆ, ಅದು ಏನಾಯ್ತು ಅಂದ್ರೆ" ಎಂದು ಶುರುಮಾಡಿದ. ನಾನು ನನ್ನ ಪಾಲಿನ ಎರಡು ಕಜ್ಜಾಯಗಳನ್ನೂ ಅವನ ತಟ್ಟೆಗೆ ಹಾಕಿದೆ.